ಎಡಗಾಲಿನ ಹಾಜರಿ

ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಹಾಜರಿ ಬರೆದವನು ನಾನು.
ಇಳಿಯುವವನು ಹಿತ್ತಾಳೆ ಬಿಲ್ಲೆ ಒಯ್ಯುತ್ತಾನೆ,
ಹತ್ತಿ ಬಂದವನು ತಂದು ಮೊಳೆಗೆ ಹಾಕುತ್ತಾನೆ.
ಪಾಳಿ ಮುಗಿದ ಮೇಲೂ ಒಂದು ಮೊಳೆ ಬರಿದಾಗಿದ್ದರೆ
ನನಗೆ ಅನ್ನ ಇಳಿಯದು.

ಹೆಸರು ಮರೆಯುತ್ತೇನೆ, ನಂಬರು ಮರೆಯುವುದಿಲ್ಲ.
ಇಪ್ಪತ್ತೊಂದು ಹದಿನೇಳು: ಸವರಿಮುತ್ತು, ಚಾಂಪಿಯನ್ ರೀಫ್,
ಸೆಂಟರ್ ಫಾರ್ವರ್ಡ್.
ಕಸುಬಿನ ಕಾಲಮ್ಮಿನಲ್ಲಿ ಹಾಗೆ ಬರೆಯುವಂತಿರಲಿಲ್ಲ,
ದೀಪದ ಕೋಣೆ ಕೂಲಿ ಎಂದು ಬರೆದೆ.

ಐವತ್ತೆರಡರಲ್ಲಿ ದೊರೆ ಅವನನ್ನು ಮೇಲಕ್ಕೆ ತೆಗೆದುಕೊಂಡ,
ಒಂದು ಭಾನುವಾರ ಅವನ ಎಡಗಾಲು ನೋಡಿ.
ಅಣ್ಣಂದಿರಿಬ್ಬರೂ ಎಂಟು ಸಾವಿರ ಅಡಿ ಕೆಳಗೆ,
ತಮ್ಮ ಮೇಲೆ, ಅವರ ದೀಪದ ಗಾಜು ಒರೆಸುತ್ತ.
ಒರೆಸಿ ಕೊಡುವಾಗ ಮುಖ ನೋಡುತ್ತಿರಲಿಲ್ಲ.

ಹೊಸಿಲಿಗೆ ಎಡಗಾಲಿಡಬೇಡ ಅಂತ ಕೇಳಿಕೊಂಡು ಬೆಳೆದವನು ನಾನು,
ಬೇತಮಂಗಲದ ಕೆರೆ ಏರಿ ಪಕ್ಕದ ಮನೆಯಲ್ಲಿ.
ಅವನು ಇಟ್ಟದ್ದೆಲ್ಲ ಎಡಗಾಲು.
ನಮ್ಮ ಮೈದಾನದಲ್ಲಿ ಹುಲ್ಲೆಂಬುದಿಲ್ಲ,
ಬಿದ್ದರೆ ಮಂಡಿಚಿಪ್ಪಿನ ತನಕ ಕಲ್ಲು.
ಆಷಾಢದಲ್ಲಿ ಸಯನೈಡ್ ದಿಬ್ಬದಿಂದ ಬಿಳಿ ಧೂಳೆದ್ದರೆ
ಗಾಳಿಗೆ ಬೆನ್ನು ಕೊಟ್ಟು ಕಾಯುವನು.
ಗೋಲ್‌ಕೀಪರ್ ಕಣ್ಣುಜ್ಜಿ ಮುಗಿಸುವಷ್ಟರಲ್ಲಿ
ಚೆಂಡು ಬಲೆಯಲ್ಲಿ.
ಬಲೆ ಎಲ್ಲಿತ್ತು, ಗೋಣಿತಾಟು.

ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ, ಕೆಂಪು ಶಾಯಿಯಲ್ಲಿ,
ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ:
ಐವತ್ತಮೂರಕ್ಕೆ ಹತ್ತೊಂಬತ್ತು, ಐವತ್ತನಾಲ್ಕಕ್ಕೆ ಇಪ್ಪತ್ತೇಳು,
ಬೆಂಗಳೂರಿನ ಮಿಲ್ಲಿನವರ ಮೇಲೆ ಒಂದೇ ಸಂಜೆ ನಾಲ್ಕು.
ಅವತ್ತು ಮಾರಿಕುಪ್ಪದ ರೈಲು ಕಾಲು ಗಂಟೆ ತಡವಾಗಿ ಹೊರಟಿತು,
ಗಾರ್ಡು ಬೇಲಿಯ ಮೇಲಿದ್ದ.

ಮೈಸೂರು ರಾಜ್ಯದ ತಂಡಕ್ಕೆ ಕರೆ ಬಂತು, ಕಲ್ಕತ್ತೆಗೆ ಹೋದ.
ಅಡೈಕಲಮೇರಿ ಹುರಿಗಡಲೆ ಬೆಲ್ಲ ಕಟ್ಟಿಕೊಟ್ಟಳು, ಮೂರು ದಿನಕ್ಕೆ.
ಒಂದೇ ಆಟ. ಗೋಲಿಲ್ಲ.
ವಾಪಸು ಬಂದು ನನ್ನ ಕಿಟಕಿಗೆ ಮೊಣಕೈ ಕೊಟ್ಟು ಹೇಳಿದ:
"ಅಲ್ಲಿ ಪೂರಾ ಹುಲ್ಲು ಸಾರ್.
ಚೆಂಡು ಬಿದ್ದರೆ ಸದ್ದೇ ಇಲ್ಲ.
ಸದ್ದಿಲ್ಲದಿದ್ದರೆ ಎಲ್ಲಿದೆ ಅಂತ
ಕಾಲಿಗೆ ಹೇಗೆ ತಿಳೀತದೆ?"

ದೊರೆಗಳು ಹೋದರು, ಸರ್ಕಾರ ಬಂತು.
ಐವತ್ತೆಂಟರಲ್ಲಿ ನಂದಿದುರ್ಗ ಗಣಿಯವರ ಆಟ,
ಯಾರದೋ ಬೂಟು ಬಲಮಂಡಿಗೆ ಬಿತ್ತು.
ಒದೆಯುವ ಕಾಲಲ್ಲ, ನಿಲ್ಲುವ ಕಾಲು.
ಆಡದವನಿಗೆ ದೀಪದ ಕೋಣೆ ಯಾಕೆ?
ಮೇಲಿನಿಂದ ಕಾಗದ. ಹಳೆಯ ಕಸುಬಿನ ಮೇಲೆ ಗೆರೆ ಎಳೆದು
ನಾನೇ, ಇದೇ ಕೈಯಲ್ಲಿ, ಭೂಗತ ಎಂದು ಬರೆದೆ.
ಮೊದಲ ದಿನ ಕೇಜಿನಲ್ಲಿ
ಅಣ್ಣಂದಿರು ನಡುವೆ ಜಾಗ ಬಿಟ್ಟು ನಿಂತರು. ಏನೂ ಅನ್ನಲಿಲ್ಲ.

ಅರವತ್ತೆರಡು, ರಾತ್ರಿ ಪಾಳಿ. ಏರ್‌ಬ್ಲಾಸ್ಟ್.
ರಾಬರ್ಟ್‌ಸನ್‌ಪೇಟೆಯಲ್ಲಿ ಗೂಡಿನ ಲೋಟಗಳು ಉರುಳಿದವಂತೆ.
ನನ್ನ ಹಲಗೆಯ ಮೇಲೆ ಆರು ಮೊಳೆ ಬರಿದು.
ಬೆಳಗಾಗುವುದರೊಳಗೆ ಮೂರು ತುಂಬಿದವು,
ಎರಡು ಬಿಲ್ಲೆ ಬೇರೆಯವರ ಕೈಯಲ್ಲಿ ಬಂದವು.
ಇಪ್ಪತ್ತೊಂದು ಹದಿನೇಳು ಹಾಗೇ.

ಹನ್ನೊಂದು ಗಂಟೆಗೆ ಗಾಳಿಯ ಪೈಪಿನಲ್ಲಿ ಕೇಳಿತು:
ಠಣ್. ಬಿಡುವು. ಠಣ್.
ಎರಡೂ ಕೈ, ಬಲಗಾಲು ಕಲ್ಲಿನಡಿ.
ಉಳಿದದ್ದರಲ್ಲಿ ಒದೆಯುತ್ತಿದ್ದ.

ಗೀಟು ಹಾಕಲೇ, ಬೇಡವೇ?
ಆಸ್ಪತ್ರೆಯ ಮೆಟ್ಟಿಲಲ್ಲಿ ಅಡೈಕಲಮೇರಿಯನ್ನು ಕೇಳಿದೆ.
"ಅಲ್ಲಿ ರೆಫ್ರಿ ಯಾರಿದ್ದರು?" ಅಂದಳು, ಸೆರಗಿನಲ್ಲಿ ಮೂಗೊರೆಸಿ.
ವಾರದ ಮೇಲೆ ಅವನೇ ಹಾಸಿಗೆಯಿಂದ ಕರೆದ:
"ಐವತ್ತೈದರಲ್ಲಿ ಊರ್ಗಾಂ ಮೇಲೆ ಎರಡನೇದು,
ಅದು ಕೈ ತಾಗಿತ್ತು ಸಾರ್. ತೆಗೆದುಬಿಡಿ."

ತೆಗೆದೆ. ಇದನ್ನು ಹಾಕಿದೆ.
ಮೊತ್ತ ನೂರಾ ನಲವತ್ತಾರು, ಹಾಗೇ ಉಳಿಯಿತು.
ಪುಸ್ತಕ, ಗಣಿ ಮುಚ್ಚಿದ ವರ್ಷ, ತೂಕಕ್ಕೆ ಹೋಯಿತು,
ಕಿಲೋಗೆ ಎರಡೂವರೆಯಂತೆ.