ಎಡಗೆನ್ನೆ

ಇಪ್ಪತ್ತಮೂರು ವರ್ಷ ಅವನ ಮುಖ ತೋಡಿದವನು ನಾನು,
ಕೆಲಾದೊಸ್ ದ್ವೀಪದ ಟಂಕಸಾಲೆಯ ಕ್ಸೆನಾರೆಸ್.
ಅಚ್ಚಿನಲ್ಲಿ ಎಲ್ಲ ತಿರುಗುಮುರುಗು:
ಉಬ್ಬಬೇಕಾದದ್ದನ್ನು ಅಗೆಯಬೇಕು.
ಲೋಕಕ್ಕೆ ಅದು ತಿಮಾಂದ್ರೊಸ್ ದೊರೆಯ ಮೂಗು,
ನನಗೊಂದು ಹಳ್ಳ.

ಮೊದಲ ಸಲ ಬಂದಾಗ ಕುಲುಮೆಯ ಮುಂದೆ
ಮುಕ್ಕಾಲಿ ಎಳೆದು ತಾನೇ ಕೂತ.
ಹುಟ್ಟು ಹಾಕಿದ ಅಂಗೈ, ಬೊಬ್ಬೆ ಇನ್ನೂ ಮಾಗಿರಲಿಲ್ಲ;
ಕಡಲುಗಳ್ಳರನ್ನು ಅಟ್ಟಿ ಬಂದವನನ್ನು
ಊರೇ ಹೆಗಲಿಗೇರಿಸಿ ದೊರೆ ಎಂದಿತ್ತು.
‘ಎಡಗೆನ್ನೆ ಸಾಕು’ ಎಂದ. ಬಲಗೆನ್ನೆಗೆ
ಕುದಿವ ರಾಳ ಎರಚಿದ್ದರು ಕಳ್ಳರು.
ಹಿಂಬದಿಗೆ ಆಕ್ಟೋಪಸ್ ಕೆತ್ತಿದೆ,
ಮಿರ್ತೊ ಅಡುಗೆಗೆಂದು ಬಂಡೆಗೆ ಬಡಿಯುತ್ತಿದ್ದುದನ್ನೇ ನೋಡಿ.

ಆ ವರ್ಷದ ಬೆಳ್ಳಿ! ಕಲ್ಲಿಗೆಸೆದರೆ
ಕಂಠವಿತ್ತು ಅದಕ್ಕೆ.
ಆಚೆ ದ್ವೀಪದ ಉಪ್ಪಿನವರು ತೂಗದೆ ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಅಮೃತಶಿಲೆ, ಮೂರು ಸಾಲು ಹುಟ್ಟಿನ ಹಡಗು,
ಬಾಡಿಗೆ ಭಟರು. ಗಣಿ ಬತ್ತಿತು.
ದೊರೆಗೆ ಗದ್ದ ಎರಡಾಯಿತು;
ಅಚ್ಚಿನಲ್ಲಿ ಒಂದೇ ಇರಲಿ ಎನ್ನಲು ಆಳು ಬಂದ.
ಮರುವರ್ಷ ಇನ್ನೊಬ್ಬ, ತಾಮ್ರದ ಬುಟ್ಟಿ ಹೊತ್ತು.
ಒಳಗೆಲ್ಲ ತಾಮ್ರ, ಮೇಲೊಂದು ತೊಗಲು ಬೆಳ್ಳಿ.
ಮುಖ ಹರೆಯಕ್ಕೆ ಮರಳಿದಷ್ಟೂ
ದನಿ ಕೆಮ್ಮಿತು.
ನಾನೇನು ಮಾಡಿದೆ? ಕೆತ್ತಿದೆ.
ಎರಡು ಹೊತ್ತು ಜವೆಗೋಧಿ ರೊಟ್ಟಿ ತಿಂದೆ.

ಮುತ್ತಿಗೆಯ ಏಳನೆಯ ತಿಂಗಳು ಥ್ರೇಸಿನ ಭಟನೊಬ್ಬ
ಸಂಬಳ ಕಚ್ಚಿ ನೋಡಿದ.
ಕೆಂಪು ಕಂಡಿತು.
ಕೋಟೆ ಬಾಗಿಲು ಯಾರೂ ಮುರಿಯಲಿಲ್ಲ,
ಒಳಗಿನಿಂದ ಅಗುಳಿ ತೆಗೆದರು, ಅಷ್ಟೆ.

ಕುರುಬನ ಕಂಬಳಿ ಹೊದ್ದು ದಂಡೆಗಿಳಿದನಂತೆ ರಾತ್ರಿ.
ಸ್ಪಂಜು ಹೆಕ್ಕುವ ಮುದುಕನಿಗೆ ಮುಷ್ಟಿ ತುಂಬ ಕೊಟ್ಟನಂತೆ.
ಮುದುಕ ಒಂದನ್ನು ಕಲ್ಲಿಗೆಸೆದು, ಕಿವಿಗೊಟ್ಟು,
‘ಮುಖ ಬಲ್ಲೆ, ದನಿ ಗೊತ್ತಾಗಲಿಲ್ಲ’ ಎಂದು
ಒಬ್ಬನೇ ಹುಟ್ಟು ಹಾಕಿಕೊಂಡು ಹೋದನಂತೆ.
ನಾನು ಕಂಡಿಲ್ಲ.

ನಾನು ಕಂಡದ್ದು ಬೆಳಗ್ಗೆ, ಮರಳಿನಲ್ಲಿ.
ಗುರುತೇ ಹತ್ತಲಿಲ್ಲ ಮೊದಲು.
ಬಲಗೆನ್ನೆ ಮೇಲಾಗಿತ್ತು:
ಇಪ್ಪತ್ತಮೂರು ವರ್ಷ ನನ್ನ ಉಳಿ ಮುಟ್ಟದ ನೆಲ.
ಸುಕ್ಕು, ರಾಳದ ಕಲೆ,
ಅದರ ಮೇಲೆ ನಿಧಾನಕ್ಕೆ ನಡೆದುಹೋದ ಒಂದು ಏಡಿ.

ಸತ್ತವರ ಬಾಯಲ್ಲೊಂದು ಕಾಸಿಡಬೇಕು,
ಆಚೆ ಹೊಳೆಯ ಅಂಬಿಗನಿಗೆ.
ಅವನ ಸೊಂಟದಲ್ಲಿದ್ದವೆಲ್ಲ ನನ್ನವೇ, ಕೆಂಪು.
ಮನೆಯಲ್ಲೊಂದಿತ್ತು ಮೊದಲ ವರ್ಷದ್ದು,
ಮಿರ್ತೊ ತನಗೆಂದು ಎತ್ತಿಟ್ಟದ್ದು.
ತರಲೆಂದು ಹೊರಟವನು ಗುಡ್ಡದ ನಡುವೆ ನಿಂತೆ.
ಈ ಚಳಿಗೆ ಅವಳ ಕೆಮ್ಮೂ ಇಳಿದಿಲ್ಲ.

ಕೆಳಗೆ ಅಲೆಯೊಂದು ಬಂದು
ಅವನನ್ನು ಮಗುಚಿತು:
ಎಡಗೆನ್ನೆ.