ದಿನಕ್ಕೊಂದು ವಾಕ್ಯ

ಬೆಳಗಿನ ಆರಕ್ಕೆ ನಾನು ಕೇಳಲೇಬೇಕು:
ಇದು ಯಾವ ಊರು, ಯಾವ ತಿಂಗಳು,
ನನ್ನ ಕೈಲಿರುವುದೇನು, ಗೋಡೆಯ ಮೇಲಿರುವುದೇನು,
ನೂರರಿಂದ ಹತ್ತು ಹತ್ತು ಕಳೆಯುತ್ತ ಬನ್ನಿ.
ಕೊನೆಗೆ ಒಂದು ವಾಕ್ಯ ಬರೆಯಿರಿ, ಯಾವುದಾದರೂ.

ವೀಬ್ಕೆ ಹಾರ್ಮ್ಸ್, ಐವತ್ತೆಂಟು.
ವೇಜರ್ ನದಿಯ ತೂಬಿನ ಬಾಗಿಲು
ಮೂವತ್ತು ವರ್ಷ ತೆಗೆದು ಮುಚ್ಚಿದವಳು
ತನ್ನ ಎಡಗಣ್ಣಿನ ಎವೆಯೊಂದು ಎತ್ತಲಾರಳು.
ಸಂಜೆಗೆ ದನಿ ಕರಗುವುದು,
ಬ್ರೆಡ್ಡಿನ ಎರಡನೇ ತುತ್ತಿಗೇ ದವಡೆ ಸೋತು
ಅಂಗೈಯಲ್ಲಿ ಗದ್ದ ಹಿಡಿದು ಅಗಿಯುವಳು.

ನರಕ್ಕೂ ಸ್ನಾಯುವಿಗೂ ನಡುವೆ
ಅವಳದೇ ರಕ್ತ ಅಡ್ಡ ನಿಂತಿದೆಯಂತೆ.
ಅದೇ ರಕ್ತದ ಕಣಗಳನ್ನು ಹೊರಗೆ ಪಳಗಿಸಿ
ಸೋಮವಾರ ಮತ್ತೆ ಒಳಗೆ ಬಿಟ್ಟರು.
ಅಂಗೈಯಗಲದ ಚೀಲ, ಕಾಲು ಗಂಟೆ.
'ಇಷ್ಟೇನಾ?' ಅಂದಳು.

ಬರೆದದ್ದು ದಿನವೂ ಒಂದೇ ಸಾಲು:
*ನೀರು ಸಮವಾದ ಮೇಲೆ ಬಾಗಿಲು ತೆಗೆ.*
ಬೇರೇನಾದರೂ ಬರೆಯಬಹುದಲ್ಲ, ಎಂದೆ.
'ಇದು ತಪ್ಪಿದರೆ ದೋಣಿ ಮಗುಚತ್ತೆ' ಎಂದಳು.

ಬುಧವಾರ ಜ್ವರ.
ಗುರುವಾರ 'ಬಾಗಿಲು' ಕೊಂಚ ಇಳಿಜಾರು,
ನಾನದನ್ನು ನಿದ್ದೆಗಣ್ಣೆಂದುಕೊಂಡೆ.

ಶುಕ್ರವಾರ ದೀಪ ಹಾಕಿದರೆ
ಎರಡೂ ಕಣ್ಣು ತೆರೆದಿವೆ!
ಹನ್ನೊಂದು ವರ್ಷಕ್ಕೆ ಎರಡೂ, ಬೂದುಹಸಿರು, ಅಗಲ.
ಕುಣಿದುಬಿಟ್ಟೆ. ಪೆನ್ನು ಹಿಡಿದೆ, ಇದೇನು?
ಎವೆಯಿಕ್ಕದೆ ನೋಡಿ, 'ನೀರು' ಎಂದಳು.
ಗಡಿಯಾರ? ನೀರು.
ನೂರು, ತೊಂಬತ್ತು, ತೊಂಬತ್ತು, ತೊಂಬತ್ತು.
ಹಾಳೆಯ ಮೇಲೆ *ನೀರು ಸಮ ಸಮ ಸಮ ಸ*,
ಆಮೇಲೆ ಅಕ್ಷರವಲ್ಲ, ಬರೀ ಗೆರೆ,
ಹಾಳೆ ದಾಟಿ ಹಾಸಿಗೆಯ ಬಟ್ಟೆಗೆ ಇಳಿದದ್ದು.

ಒಪ್ಪಿಗೆಪತ್ರದ ಹನ್ನೊಂದನೇ ಪುಟದಲ್ಲಿ
'ಅಪರೂಪ' ಎಂದಿತ್ತು, ನಾನೇ ಓದಿ ಹೇಳಿದ್ದೆ.
ಅಪರೂಪವೆಂದರೆ ಬಾರದ್ದಲ್ಲ.
ಅಪರೂಪದ ನೆಂಟ ಬಾಗಿಲು ತಟ್ಟದೆ
ಒಳಗೆ ಬಂದು ಕೂತಿದ್ದ, ಚಪ್ಪಲಿ ಸಮೇತ.

ಸ್ಟಿರಾಯ್ಡು, ಸ್ಕ್ಯಾನು, ಮೂರು ರಾತ್ರಿ.
ತಮ್ಮ ಟ್ಯಾರ್ಕ್ ಮಂಚದ ಬದಿ ಕೂತು
ನದಿಮಟ್ಟದ ಅಂಕಿಗಳನ್ನು ಜೋರಾಗಿ ಓದುತ್ತಿದ್ದ,
ಅವಳು ಕೇಳಿದಳೋ ಇಲ್ಲವೋ.

ಸೋಮವಾರ ಮತ್ತೆ ಪೆನ್ನೆತ್ತಿದೆ.
'ಪೆನ್ನು ಕಣಮ್ಮ. ದಿನಾ ಅದನ್ನೇ ತೋರಿಸ್ತೀಯಲ್ಲ!'
ಬರೆದಳು: *ಬ್ರೆಡ್ಡಿಗೆ ಉಪ್ಪು ಸಾಲದು.*
ತಟ್ಟೆ ನೋಡಿದೆ. ಚೂರೂ ಉಳಿದಿರಲಿಲ್ಲ.
ತೂಬಿನ ಸಾಲು ಯಾಕಿಲ್ಲ ಎಂದರೆ
'ಯಾವ ಸಾಲು?' ಎಂದಳು.

ಹೋದಳು, ಎರಡೂ ಕಣ್ಣಲ್ಲಿ ಬಿಸಿಲು ಬೈಯುತ್ತ.

ಮೊನ್ನೆ ಇನ್ಯಾರದೋ ಹಾಸಿಗೆಯ ಬಟ್ಟೆ ಹಾಸುವಾಗ
ಒಗೆದರೂ ಹೋಗದ ನೀಲಿ ಗೆರೆಯೊಂದು ಕಂಡಿತು.
ಅದನ್ನು ಕಾಲ ಕಡೆಗೆ ಮಡಚಿ
ಕೇಳಿದೆ: ಇದು ಯಾವ ಊರು?