ಮಟ್ಟ

ಹಡಗಿನಲ್ಲಿ ನನ್ನ ಕೆಲಸ ಹಾರಿಸುವುದಾಗಿರಲಿಲ್ಲ.
ಅದು ಗಾಜಿನ ಹಿಂದೆ ಕೂತವರದು.
ನನ್ನದು, ಕಡಲು ಎಷ್ಟೇ ಹೊರಳಲಿ
ಕ್ಷಿಪಣಿ ನಿಂತ ಕಬ್ಬಿಣದ ಮಣೆ
ಹೊರಳದ ಹಾಗೆ ನೋಡಿಕೊಳ್ಳುವುದು.

ಮಣೆಯ ಕೆಳಗೆ ಎಣ್ಣೆ ತುಂಬಿದ ಕಾಲುಗಳು.
ಹಡಗು ಎಡಕ್ಕೆ ವಾಲಿದರೆ ಎಡಗಾಲು ಉದ್ದ,
ಬಲಕ್ಕೆ ವಾಲಿದರೆ ಬಲಗಾಲು.
ಪಂಪಿನೊಳಗೆ ಏದುಸಿರು ಕೇಳುತ್ತಿತ್ತು,
ಹೊರೆ ಹೊತ್ತ ಯಾರೋ ದಿಣ್ಣೆ ಹತ್ತುವ ಹಾಗೆ.

ಯಾರೋ ಏನು, ಅವ್ವಿಯೇ.
ಬೈತಖೋಲದ ದಕ್ಕೆಯಿಂದ ಬಂಗಡೆ ಬುಟ್ಟಿ ಹೊತ್ತ
ಮಾಣಕು ಹರಿಕಂತ್ರ.
ತಲೆಯ ಮೇಲೆ ಸಿಂಬೆ, ಬುಟ್ಟಿ ಹಿಡಿಯದ ಎರಡೂ ಕೈ,
ಜಾರುವ ಕಲ್ಲಿನ ಮೇಲೆ ಕುತ್ತಿಗೆ ಅಲುಗದೆ
ಬಸ್ಸಿನವನೊಂದಿಗೆ ಜಗಳವನ್ನೂ ಆಡಿಕೊಂಡು.
ಒಂದು ಹನಿ ಮೀನುನೀರು ಹಣೆಗಿಳಿದರೆ
ಅವತ್ತೆಲ್ಲ ಅವಳಿಗೆ ಅವಮಾನ.

ಮೂರು ತಿಂಗಳ ತರಬೇತಿಯಲ್ಲಿ ಕಲಿಸಿದ್ದನ್ನು
ಅವಳ ಹಿಂದೆ ನಡೆದೇ ಕಲಿತಿದ್ದೆ.
ಬೆಹೆರಾ ಸಾಹೇಬರಿಗೆ ಹೇಳಲಿಲ್ಲ.

ಪರೀಕ್ಷೆಗೆ ಮುಂಚೆ ರಜೆಯಲ್ಲಿ ಮನೆಗೆ ಬಂದೆ.
ಮನೆ ಅಂದರೆ ತೋಡೂರಿನ ಕಾಲೊನಿ, ಸಾಲಿನಲ್ಲಿ ಏಳನೆಯದು.
ಹಳೆಯದು ಅರ್ಗಾದಲ್ಲಿತ್ತು. ಅಲ್ಲೀಗ ಬೇಲಿ.
ಗುರುತಿನ ಚೀಟಿ ತೋರಿಸಿ ನಾನು ಒಳಗೆ ಹೋಗುತ್ತಿದ್ದೆ.
ಅವ್ವಿ ಹೋಗುವಂತಿರಲಿಲ್ಲ.

ಮೂರು ದಿನ ದೋಣಿ ಇಳಿಸಬಾರದೆಂದು
ಸೊಸೈಟಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು.
"ಎಲ್ಲಿ ಬೀಳ್ತದ್ಯೋ ಅದು?"
ಹೇಳುವಂತಿಲ್ಲ. "ನೀರಲ್ಲಿ" ಅಂದೆ.
"ಯಾರ ನೀರಲ್ಲಿ?"
ತಾರ್ಲೆಯ ಹೊಟ್ಟೆ ಸೀಳುತ್ತ ಕೂತವಳು
ತಲೆ ಎತ್ತಿರಲಿಲ್ಲ.

ಆ ದಿನ ಮಟ್ಟ ಸಿಕ್ಕಿತು, ಹಸಿರು ದೀಪ ಹೊತ್ತಿತು.
ನೆತ್ತಿಗೆ ಗುದ್ದಿದ ಹಾಗೆ ಡೆಕ್ಕು ತಗ್ಗಿ,
ಅದು ಹೋಯಿತು.
ಉರಿಯುವುದು ಸ್ವಲ್ಪ ಹೊತ್ತು.
ಆಮೇಲೆ ಅದಕ್ಕೆ ಸ್ವಂತ ಬಲವಿಲ್ಲ;
ಮಾವಿನ ಮರಕ್ಕೆ ಎಸೆದ ಕಲ್ಲಿಗಿರುವ ಬುದ್ಧಿಯೇ ಅದಕ್ಕೂ.
ಅಪ್ಪ ಕಾಳಿಯ ಅಳಿವೆಯಲ್ಲಿ ಬಲೆ ಬೀಸುವಾಗ
ಹಗ್ಗದ ತುದಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡಿರುತ್ತಿದ್ದ.
ನಾನು ನನ್ನ ಮಣಿಕಟ್ಟು ನೋಡಿಕೊಂಡೆ.
ಗಡಿಯಾರವಿತ್ತು.

ಹೊರೆ ಇಳಿದದ್ದು ತಿಳಿಯದ ಮಣೆ
ಇನ್ನೂ ಎಡಕ್ಕೆ ಬಲಕ್ಕೆ ಕಾಲು ಬದಲಿಸುತ್ತಿತ್ತು.
ಪಂಪು ಆರಿಸೆಂದು ಯಾರೋ ಕೂಗಿದರು.
ಕೇಳಿಸಿತು. ತುಸು ತಡಮಾಡಿದೆ.

ಹಡಗಿಗೆ ನಿವೃತ್ತಿಯಾಯಿತು, ನನಗೂ.
ಶೇವಂತಿ ದೂರುತ್ತಾಳೆ: ಮಲಗಿದಲ್ಲೇ ವಾಲ್ತೀರಿ ನೀವು,
ಒಮ್ಮೆ ನನ್ನ ಕಡೆ, ಒಮ್ಮೆ ಗೋಡೆ ಕಡೆ.
ಗೋಡೆಯ ಮೊಳೆಯಲ್ಲಿ ಅವ್ವಿಯ ಸಿಂಬೆ,
ವರ್ಷಗಳ ಉಪ್ಪು ಕುಡಿದು ಮರದ ಹಾಗೆ ಗಟ್ಟಿ.
ಮಳೆಗಾಲದಲ್ಲಿ ಮಾತ್ರ
ಸ್ವಲ್ಪ ಮೆತ್ತಗಾಗುತ್ತದೆ.